ಅಜ್ಜನಿಗೆ ಚಕ್ಕುಲಿ, ಮೊಮ್ಮಕ್ಕಳಿಗೆ ನೆಲ

ಮಂಗಳೂರಿನಲ್ಲಿ ಯಾವ ದಿಕ್ಕಿಗೆ ಹೊರಟವರೂ ಹಂಪನಕಟ್ಟೆಯನ್ನು ಒಮ್ಮೆ ಮುಟ್ಟಿಯೇ ಮುಂದೆ ಹೋಗುತ್ತಾರೆ. ಒಂದು ಮಗ್ಗುಲಲ್ಲಿ 1680ರಲ್ಲಿ ಮೊದಲು ಕಟ್ಟಿ, 1784ರಲ್ಲಿ ನೆಲಸಮವಾಗಿ, ಮತ್ತೆ ಎದ್ದು ನಿಂತ ಮಿಲಾಗ್ರಿಸ್ ಇಗರ್ಜಿ. ಇನ್ನೊಂದು ಮಗ್ಗುಲಲ್ಲಿ 1868ರಲ್ಲಿ ಸರ್ಕಾರಿ ಕಾಲೇಜಾಗಿ ಶುರುವಾದ ಇಂದಿನ ವಿಶ್ವವಿದ್ಯಾನಿಲಯ ಕಾಲೇಜು. ಸ್ವಲ್ಪ ಆಚೆಗೆ ವೆನ್ಲಾಕ್ ಆಸ್ಪತ್ರೆ. ಮೇಲಕ್ಕೆ ಹತ್ತಿದರೆ 1837ರಲ್ಲಿ ಕಲ್ಯಾಣಪ್ಪನ ದಂಡು ಕಂಪೆನಿಯ ಬಾವುಟ ಇಳಿಸಿದ ಬಾವುಟಗುಡ್ಡೆ. ಕೆಲವು ವರ್ಷಗಳ ಹಿಂದೆ ಸಿಗ್ನಲ್ ಹತ್ತಿರ ರಸ್ತೆ ಕೆಲಸಕ್ಕೆಂದು ಅಗೆದಾಗ ಡಾಂಬರಿನ ಅಡಿಯಿಂದ ಹಳೆಯ ಬಾವಿಯೊಂದು ಹೊರಬಂತು. ಜನ ನಿಂತು ನಿಂತು ನೋಡಿದರು.

ಈ ಊರಿನ ಪ್ರತಿ ಪದರಕ್ಕೂ ಒಂದು ಇಸವಿ ಇದೆ, ಒಂದು ಹೆಸರಿದೆ, ಒಂದು ಕಲ್ಲುಹಲಗೆ ಇದೆ. ಇವೆಲ್ಲಕ್ಕಿಂತ ಹಳಬರೆಂದು ತುಳುನಾಡಿನ ಐತಿಹ್ಯಗಳೇ ಹೇಳುವ ಜನರಿಗೆ ಮಾತ್ರ ಇಲ್ಲಿ ಹಲಗೆ ಇಲ್ಲ. ಬೆಳಗಿನ ಜಾವ ಅಂಗಡಿಗಳ ಬಾಗಿಲು ತೆರೆಯುವ ಮೊದಲು ಈ ಬೀದಿಗಳನ್ನು ತಲೆಮಾರುಗಟ್ಟಲೆ ಗುಡಿಸಿದವರಲ್ಲಿ ಅವರು ಬಹಳ ಮಂದಿ ಇದ್ದರು. ಸೆಂಟ್ರಲ್ ಮಾರ್ಕೆಟ್ಟಿಗೆ ಮಲ್ಲಿಗೆಯೂ ಬಸಳೆಯೂ ಬರುತ್ತಿದ್ದ ಬುಟ್ಟಿಗಳನ್ನು ಹೆಣೆದವರು ಅವರೇ. ಅವರು ಕೊರಗರು.

ಅವರ ನೆಲವನ್ನು ಹುಡುಕಿಕೊಂಡು ಹೋಗಬೇಕು ಎಂಬ ಆಸೆ ನನ್ನಲ್ಲಿ ಹುಟ್ಟಿದ್ದು ಬಹಳ ದೂರದಲ್ಲಿ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ತಂಗಿಯ ಮನೆಯವರ ಜೊತೆ ಇದ್ದಾಗ ಒಂದು ಮಧ್ಯಾಹ್ನ ನ್ಯೂ ಎಕೋಟಾ ನೋಡಲು ಹೋಗಿದ್ದೆವು. ಚೆರೊಕೀ ಜನಾಂಗ 1825ರಲ್ಲಿ ತನ್ನ ರಾಜಧಾನಿಯೆಂದು ಆರಿಸಿಕೊಂಡ ಜಾಗ ಅದು. ಈಗ ಹುಲ್ಲು ಬಯಲು, ನಡುನಡುವೆ ಮತ್ತೆ ಕಟ್ಟಿ ನಿಲ್ಲಿಸಿದ ಮರದ ಮನೆಗಳು. ಅವುಗಳಲ್ಲೊಂದು ಅಚ್ಚುಕೂಟ. ಓದು ಬರಹ ಕಲಿತಿರದ ಸಿಕೋಯಾ ಎಂಬ ಚೆರೊಕೀ ಕುಶಲಕರ್ಮಿ ತನ್ನ ಭಾಷೆಯ ಧ್ವನಿಗಳನ್ನು ವರ್ಷಗಟ್ಟಲೆ ಆಲಿಸಿ, 1821ರ ಹೊತ್ತಿಗೆ ಒಂದು ಲಿಪಿಯನ್ನು ಪೂರ್ತಿಯಾಗಿ ತಾನೇ ರೂಪಿಸಿದ್ದ. ನಮ್ಮ ಕಾಗುಣಿತದ ಹಾಗೆ ಒಂದೊಂದು ಅಕ್ಷರವೂ ಒಂದೊಂದು ಉಚ್ಚಾರ. ಕೆಲವೇ ವರ್ಷಗಳಲ್ಲಿ ಜನಾಂಗಕ್ಕೆ ಜನಾಂಗವೇ ಓದಲು ಕಲಿಯಿತು. 1828ರ ಫೆಬ್ರವರಿಯಲ್ಲಿ ಅದೇ ಅಚ್ಚುಕೂಟದಿಂದ ‘ಚೆರೊಕೀ ಫೀನಿಕ್ಸ್’ ಪತ್ರಿಕೆ ಹೊರಬಂತು. ನಮ್ಮ ಬಲ್ಮಠದಿಂದ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ತಂದದ್ದು 1843ರಲ್ಲಿ, ಅದಾಗಿ ಹದಿನೈದು ವರ್ಷಕ್ಕೆ.

ಅಷ್ಟಿದ್ದ ಜನಾಂಗವನ್ನೂ ನೆಲದಿಂದ ಕಿತ್ತೆಸೆದರು. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆಗೆ ಸಾಗಿಸುವ ಕಾನೂನು ಬಂತು. 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಚೆರೊಕೀಗಳ ಪರವಾಗಿ ನಿಂತರೂ ಜಾರ್ಜಿಯಾ ರಾಜ್ಯ ಆ ತೀರ್ಪನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1835ರಲ್ಲಿ ನ್ಯೂ ಎಕೋಟಾದಲ್ಲಿ ಬೆರಳೆಣಿಕೆಯ ಮುಖಂಡರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಜನಾಂಗದ ಮುಖ್ಯಸ್ಥ ಜಾನ್ ರಾಸ್ ಸಹಿ ಹಾಕಿರಲಿಲ್ಲ. ಸಾವಿರಾರು ಜನ ವಿರೋಧಿಸಿ ಬರೆದ ಮನವಿಗೂ ಬೆಲೆ ಸಿಗಲಿಲ್ಲ. 1838ರಲ್ಲಿ ಸೈನಿಕರು ಮನೆಮನೆಯಿಂದ ಜನರನ್ನು ಎಬ್ಬಿಸಿ ಒಯ್ದರು. ಸುಮಾರು 16,000 ಜನ ಸಾವಿರ ಮೈಲಿಯಷ್ಟು ದೂರ ಪಶ್ಚಿಮಕ್ಕೆ ಸಾಗಿದರು. ಅವರಲ್ಲಿ ಸುಮಾರು 4,000 ಜನ ಶಿಬಿರಗಳಲ್ಲೂ ದಾರಿಯಲ್ಲೂ ತೀರಿಕೊಂಡರು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಕಣ್ಣೀರಿನ ಹಾದಿ ಎಂದು ಲೋಕ ಆ ಪಯಣವನ್ನು ನೆನೆಯುತ್ತದೆ.

ಆ ಅಚ್ಚುಕೂಟದಲ್ಲಿ ನಿಂತಾಗ ತಂಗಿಯ ಮಗಳು ಕೇಳಿದಳು: “ಮಾಮ, ನಮ್ಮ ಊರಿನಲ್ಲೂ ನಮಗಿಂತ ಮೊದಲು ಯಾರಾದರೂ ಇದ್ದರಾ?” ಇದ್ದರು, ಈಗಲೂ ಇದ್ದಾರೆ ಎಂದೆ. ಅವರ ಊರು ಯಾವುದು, ಅವರ ಮನೆ ಎಲ್ಲಿ ಎಂದು ಅವಳು ಮುಂದುವರಿಸಿದಾಗ ಕೊಡುವ ಉತ್ತರವನ್ನು ಮಂಗಳೂರಿಗೆ ಬಂದು ಸುತ್ತಾಡಿಯೇ ಕಂಡುಕೊಳ್ಳಬೇಕೆನಿಸಿತು.

*

ಹಂಪನಕಟ್ಟೆಯಿಂದ ಇಳಿಜಾರು ಹಿಡಿದು ಪುರಭವನ ದಾಟಿದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ. ಪುರಭವನಕ್ಕೆ ಈಗ ಕುದ್ಮುಲ್ ರಂಗರಾಯರ ಹೆಸರಿದೆ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆ ತೆರೆದು, ಸ್ವಂತ ಜಾತಿಯಿಂದ ಬಹಿಷ್ಕಾರ ಉಂಡ ಮನುಷ್ಯ ಅವರು. ಅವರ ಹೆಸರಿನ ಕಟ್ಟಡದ ಎದುರಿನಿಂದಲೇ ನಾನು ತೊಕ್ಕೊಟ್ಟು ಕಡೆಯ ಬಸ್ಸು ಹತ್ತಿದೆ. ನೇತ್ರಾವತಿಯ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿದರೆ ದೇರಳಕಟ್ಟೆಯ ದಾರಿ. ಆ ದಾರಿಯಲ್ಲೇ ಕುತ್ತಾರು.

ಕುತ್ತಾರಿನಲ್ಲಿ ಬಸ್ಸು ನಿಂತಾಗ ಅರ್ಧ ಬಸ್ಸು ಇಳಿಯಿತು. ಎಲ್ಲರ ಕೈಯಲ್ಲೂ ಚಕ್ಕುಲಿಯ ಪೊಟ್ಟಣ, ವೀಳ್ಯದೆಲೆ. ಇದು ಕೊರಗಜ್ಜನ ಆದಿಸ್ಥಳ. ಕಟ್ಟೆ, ಕಲ್ಲು, ಸುತ್ತ ಮರಗಳ ನೆರಳು. ಪರೀಕ್ಷೆ ಬರೆಯುವ ಹುಡುಗಿ, ದುಬಾಯಿಯಿಂದ ರಜೆಯಲ್ಲಿ ಬಂದ ದಂಪತಿ, ಚಿನ್ನದ ಬಳೆ ಕಳೆದುಕೊಂಡ ಅಮ್ಮ, ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಬಿದ್ದ ಹಿರಿಯರು, ಎಲ್ಲರೂ ಒಂದೇ ಸಾಲಿನಲ್ಲಿ ಕೈಮುಗಿದು ನಿಂತಿದ್ದರು. ಕಳೆದುಹೋದದ್ದನ್ನು ಹುಡುಕಿಕೊಡುವವನು ಅಜ್ಜ. ತುಳುನಾಡಿನಲ್ಲಿ ಬೈಕಿನ ಕೀ ಕಾಣದಿದ್ದರೂ ಮೊದಲು ಬಾಯಿಗೆ ಬರುವ ಹೆಸರು ಅದೇ. ಇಲ್ಲಿ ಕೋಲ ನಡೆಯುವ ರಾತ್ರಿ ದೀಪ ಹಚ್ಚುವುದಿಲ್ಲ. ಹತ್ತಿರದ ರಸ್ತೆಯಲ್ಲಿ ಸಾಗುವ ವಾಹನಗಳೂ ದೀಪ ಆರಿಸಿಕೊಂಡು ಹೋಗುತ್ತವೆ.

ಅಜ್ಜನ ಕಥೆ ತುಳುನಾಡಿನ ಮನೆಮನೆಗೂ ಗೊತ್ತು. ತಾಯಿತಂದೆ ಇಲ್ಲದ ತನಿಯ ಎಂಬ ಕೊರಗ ಹುಡುಗ. ಶೇಂದಿ ಮಾರುವ ಮೈರಕ್ಕೆ ಬೈದೆತಿ ಅವನನ್ನು ಮನೆಗೆ ಕರೆತಂದು ಸಾಕುತ್ತಾಳೆ. ಹಲವು ಆಳುಗಳು ಹೊರುವ ಭಾರವನ್ನು ಅವನೊಬ್ಬನೇ ಹೊರುತ್ತಾನೆ. ಗುಡಿಯೊಂದಕ್ಕೆ ಸಲ್ಲಬೇಕಾದ ಹೊರೆಯನ್ನು ಹೊತ್ತು ಹೋದಾಗ ಹೊರೆ ಒಳಗೆ ಹೋಗಬಹುದು, ಹೊತ್ತವನು ಹೊರಗೇ ನಿಲ್ಲಬೇಕು ಎನ್ನುತ್ತಾರೆ. ಗೋಡೆ ಹತ್ತಿ ಕಾಯಿ ಕೀಳಲು ಕೈ ಚಾಚಿದ ಹುಡುಗ ಅಲ್ಲೇ ಮಾಯವಾಗುತ್ತಾನೆ, ದೈವವಾಗುತ್ತಾನೆ. ಈ ಕಥೆಯನ್ನು ಹಾಡುವ ಪಾಡ್ದನದ ಪಾಠಗಳು ಊರಿಂದ ಊರಿಗೆ ಬೇರೆಯಾದರೂ ಹೊರಗೆ ನಿಲ್ಲಿಸಿದ ಆ ಗಳಿಗೆ ಮತ್ತೆ ಮತ್ತೆ ಬರುತ್ತದೆ.

ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಮಗನ ಕೆಲಸಕ್ಕಾಗಿ ಹರಕೆ ಹೊತ್ತಿದ್ದರಂತೆ. ಕೆಲಸ ಸಿಕ್ಕಿತ್ತು, ಹರಕೆ ತೀರಿಸಲು ಬಂದಿದ್ದರು. “ಅಜ್ಜ ಕೈಬಿಡುವುದಿಲ್ಲ ಮಾರಾಯ್ರೆ” ಎಂದರು. ಅವರ ಕಣ್ಣು ತುಂಬಿತ್ತು. ಆ ಭಕ್ತಿಯಲ್ಲಿ ಒಂದಿಷ್ಟೂ ಕಲಬೆರಕೆ ಇರಲಿಲ್ಲ. ನಿಮ್ಮೂರಲ್ಲಿ ಕೊರಗರ ಮನೆಗಳಿವೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಗುಡ್ಡೆಯ ಆಚೆ ಒಂದು ಕಾಲನಿ ಉಂಟು, ನಾನು ಹೋದದ್ದಿಲ್ಲ” ಎಂದರು.

ಆ ಗುಡ್ಡೆಯ ಆಚೆಗಿನ ಕಾಲನಿಗಳನ್ನು ನೋಡಲೆಂದೇ ನಾನು ಹೊರಟಿದ್ದೆ.

*

ತೊಕ್ಕೊಟ್ಟಿಗೆ ಹಿಂದಿರುಗಿ ತಲಪಾಡಿಯ ಗಡಿ ದಾಟಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ. ಅಂಗಡಿಯ ಹಲಗೆಗಳಲ್ಲಿ ಮಲಯಾಳ ದೊಡ್ಡದಾಗುತ್ತಾ, ಕನ್ನಡ ಚಿಕ್ಕದಾಗುತ್ತಾ ಹೋಗುತ್ತದೆ. ಕುಂಬಳೆಯಿಂದ ಒಳನಾಡಿಗೆ ತಿರುಗಿ ಸೀತಾಂಗೋಳಿ ದಾಟಿದರೆ ಬದಿಯಡ್ಕ. ಅಡಕೆ ತೋಟ, ಗೇರು ಗುಡ್ಡ, ಮುರಕಲ್ಲಿನ ಕೆಂಪು ಪಾರೆ. 1956ರ ನವೆಂಬರ್ 1ರವರೆಗೆ ಇದೆಲ್ಲ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ರಾಜ್ಯ ಹಂಚಿಕೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಕನ್ನಡಿಗರ ನೋವು ಎಲ್ಲರಿಗೂ ಗೊತ್ತು. ಬದಿಯಡ್ಕದ ಪಕ್ಕದ ಪೆರಡಾಲದಲ್ಲೇ ಶಾಲೆಯ ಮೇಷ್ಟ್ರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವಿಗೆ ದನಿಯಾಗಿ ನೂರು ವರ್ಷದ ಬದುಕನ್ನು ಬಾಳಿದರು. ಅದೇ ಗೆರೆ ಕೊರಗರನ್ನೂ ಎರಡು ಹೋಳು ಮಾಡಿತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 14,794, ಕೇರಳದಲ್ಲಿ 1,582 ಕೊರಗರು. ಎರಡೂ ರಾಜ್ಯಗಳಲ್ಲಿ ಅವರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಎರಡೇ ಸಮುದಾಯ: ಜೇನುಕುರುಬರು ಮತ್ತು ಕೊರಗರು.

ಪೆರಡಾಲದ ಕೊರಗ ಕಾಲನಿಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿವೆ. ಪರಿಚಯದ ಶಿಕ್ಷಕರೊಬ್ಬರು ನನ್ನನ್ನು ಕರೆದುಕೊಂಡು ಹೋದರು. ಒಂದು ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಬುಟ್ಟಿ ಹೆಣೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು “ಧನಿ, ಕುಳ್ಳುಲೆ” ಎಂದರು. ಅಕ್ಕ, ಧನಿ ಅನ್ನಬೇಡಿ ಎಂದು ತುಳುವಿನಲ್ಲೇ ಹೇಳಿದೆ. ಒಳಗಿನಿಂದ ಬಂದ ಮೊಮ್ಮಗಳು ನಗುತ್ತಾ, “ಅಜ್ಜಿಗೆ ಅದು ಬಾಯಿಗೆ ಬಂದುಬಿಡುತ್ತದೆ ಸರ್, ನಾವು ಯಾರೂ ಹಾಗೆ ಹೇಳುವುದಿಲ್ಲ” ಎಂದಳು. ಅವಳು ಪ್ಲಸ್ ಟು ಓದುತ್ತಿದ್ದಳು.

ಅಜ್ಜಿಯ ಕೈ ನೋಡುತ್ತಾ ಕುಳಿತೆ. ಕಾಡಿನಿಂದ ತಂದ ಬೂರು, ಅಂದರೆ ಬಳ್ಳಿ, ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿತ್ತು. ಅದರ ಸಿಪ್ಪೆ ಹೆರೆದು, ಕತ್ತಿಯ ಮೊನೆಯಿಂದ ಉದ್ದಕ್ಕೆ ಸೀಳಿ, ಒಣಗಿಸಿ, ಹೆಣೆಯುವ ಮೊದಲು ನೀರಿನಲ್ಲಿ ನೆನೆಸಿ ಬಾಗಿಸುತ್ತಾರೆ. ಅಡ್ಡ ಕಡ್ಡಿ, ಉದ್ದ ಕಡ್ಡಿ ಕೂಡುವಲ್ಲಿ ಹೆಬ್ಬೆರಳು ಒಮ್ಮೆ ಒತ್ತಿದರೆ ಮುಗಿಯಿತು, ಆ ಹೆಣಿಗೆ ಜಾರುವುದಿಲ್ಲ. ಭತ್ತ ತುಂಬುವ ಕುರುವೆ, ಅಕ್ಕಿ ಕೇರುವ ತಡ್ಪೆ, ಗಂಜಿ ಬಸಿಯುವ ಕುಡ್ಪು, ಮೀನು ಹೊರುವ ಬುಟ್ಟಿ, ಎಳೆಯ ಮಗುವಿನ ತೊಟ್ಟಿಲು. ತುಳುವರು ಉಣ್ಣುವ ಅನ್ನ ಗದ್ದೆಯಿಂದ ತಟ್ಟೆಗೆ ಬರುವವರೆಗೆ ಎಷ್ಟು ಸಲ ಕೊರಗರ ಕೈಕೆಲಸವನ್ನು ಮುಟ್ಟಿ ಬರುತ್ತಿತ್ತು ಎಂದು ಲೆಕ್ಕ ಹಾಕುತ್ತಾ ಹೋದೆ. ಮಗು ಮಲಗಿದ್ದೂ ಅವರು ಹೆಣೆದ ಬಳ್ಳಿಯಲ್ಲೇ.

“ಬೂರು ಈಗ ಸುಲಭಕ್ಕೆ ಸಿಗುವುದಿಲ್ಲ” ಎಂದರು ಅಜ್ಜಿ. “ಗುಡ್ಡೆಯೆಲ್ಲ ರಬ್ಬರ್ ಆಯಿತು. ಒಳಗೆ ಹೋದರೆ ಫಾರೆಸ್ಟಿನವರು. ಇಡೀ ದಿನ ನಡೆದು ಒಂದು ಹೊರೆ ತಂದರೆ ಎರಡು ಬುಟ್ಟಿ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಅರ್ಧ ಕ್ರಯಕ್ಕೆ ಸಿಗುತ್ತದೆ.” ಹೆಣೆಯುವ ಕೈ ಮಾತ್ರ ನಿಲ್ಲಲಿಲ್ಲ.

ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ ಎಂದು ಕೇಳಿದೆ. ಅಜ್ಜಿ ಕೆಲವು ಮಾತು ಹೇಳಿ ಸುಮ್ಮನಾದರು. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿಯಲ್ಲಿ ಮಲಯಾಳ, ಮೊಮ್ಮಗಳ ಮೊಬೈಲಿನಲ್ಲಿ ಇಂಗ್ಲಿಷ್. ಕೊರಗ ಭಾಷೆಗೆ ಜಾಗ ಉಳಿದದ್ದು ಅಜ್ಜಿಯ ನೆನಪಿನ ಮೂಲೆಯಲ್ಲಿ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಈ ಭಾಷೆಯನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1971ರಲ್ಲಿ ಪುಸ್ತಕ ತಂದರು. ಅದರ ಒಳಭೇದಗಳನ್ನು ಗುರುತಿಸಿದರು. ದೂರದ ಕುಡುಖ್, ಮಾಲ್ತೋಗಳಂಥ ಉತ್ತರದ ದ್ರಾವಿಡ ಭಾಷೆಗಳೊಂದಿಗೆ ಇದಕ್ಕೆ ನಂಟಿರುವ ಸಾಧ್ಯತೆಯನ್ನು ತೋರಿಸಿದರು. ಕಡಲ ಕರೆಯ ಈ ಸಣ್ಣ ಸಮುದಾಯದ ನಾಲಿಗೆಯಲ್ಲಿ ದಕ್ಷಿಣ ಭಾರತದ ಬಹಳ ಹಳೆಯ ಚಲನವಲನದ ಕುರುಹು ಉಳಿದಿರಬಹುದು ಎಂದಾಯಿತು. ಕನ್ನಡಕ್ಕಾಗಿ ಕಯ್ಯಾರರು ಹೋರಾಡಿದ ಪೆರಡಾಲದಲ್ಲೇ ಕನ್ನಡಕ್ಕಿಂತ ಹೆಚ್ಚು ಅಪಾಯದಲ್ಲಿರುವ ನುಡಿಯೊಂದು ಜಗಲಿಯಲ್ಲಿ ಕುಳಿತಿದೆ. ತಮ್ಮ ಭಾಷೆ ಗಡಿಯಾಚೆ ಸೊರಗುವ ಸಂಕಟ ಏನೆಂದು ಕಾಸರಗೋಡಿನ ಕನ್ನಡಿಗರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ನುಡಿಯನ್ನು ಉಳಿಸಿಕೊಳ್ಳಲು ಕೊರಗರಿಗೆ ಹೆಗಲಾಗಬೇಕಾದವರಲ್ಲಿ ಅವರೇ ಮೊದಲಿಗರು.

*

ಸಂಜೆ ಕಾಲನಿಯ ಗಂಡಸರು ದೋಲು ಹೊರಗೆ ತಂದರು. ದೋಲು ಕೊರಗರ ಜೀವವಾದ್ಯ. ದೋಲಿನ ಜೊತೆ ಕೊಳಲು ಸೇರಿದ ಅವರ ಗಜಮೇಳದ ಸದ್ದು ಎದೆಯ ಗೂಡಿನೊಳಗೇ ಹೊಕ್ಕು ಕೂರುತ್ತದೆ. ಆದರೆ ಇದೇ ದೋಲು ಅವರ ಕೊರಳಿಗೆ ಶತಮಾನಗಳ ಕಾಲ ನೊಗವಾಗಿತ್ತು. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಕೊರಗರನ್ನು ಕಂಬಳದ ಹಿಂದಿನ ರಾತ್ರಿಯಿಡೀ ಗದ್ದೆಯ ಬದಿಯಲ್ಲಿ ಕೂರಿಸಿ ದೋಲು ಬಾರಿಸುವಂತೆ ಮಾಡುತ್ತಿದ್ದರು. ಕೋಣಗಳಿಗಿಂತ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು. ಬೇರೆಯವರ ಮನೆಯ ಅನಿಷ್ಟ ಇವರ ಮೈಗೆ ದಾಟಲಿ ಎಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಇವರಿಗೆ ಉಣ್ಣಿಸುತ್ತಿದ್ದರು. ಇದನ್ನು ಬರೆಯುವಾಗ ನನ್ನ ಬೆರಳು ನಡುಗುತ್ತದೆ. ಇದು ನಡೆದದ್ದು ಯಾವುದೋ ಅಜ್ಞಾತ ಕಾಲದಲ್ಲಲ್ಲ. ಕರ್ನಾಟಕ ಸರ್ಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಮಾಡಿದ್ದು 2000ದಲ್ಲಿ.

ಇಷ್ಟು ಕೆಳಕ್ಕೆ ತಳ್ಳಲ್ಪಟ್ಟ ಜನರ ನೆನಪಿನಲ್ಲಿ ಒಬ್ಬ ಅರಸನಿದ್ದಾನೆ, ಹುಭಾಶಿಕ. ತುಳುನಾಡಿಗೆ ದಂಡೆತ್ತಿ ಬಂದು ಮಂಗಳೂರು, ಮಂಜೇಶ್ವರಗಳನ್ನು ಗೆದ್ದು ಹನ್ನೆರಡು ವರ್ಷ ಆಳಿದನೆಂದೂ, ಮದುವೆಯ ನೆಪದಲ್ಲಿ ಕರೆಸಿ ಮೋಸದಿಂದ ಕೊಂದು ಅವನ ಜನರನ್ನು ಕಾಡಿಗೆ ಅಟ್ಟಿದರೆಂದೂ ಐತಿಹ್ಯ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತ ಏಳು ಸಂಪುಟಗಳನ್ನು ಪ್ರಕಟಿಸಿದಾಗ ಕೊರಗರ ಅಧ್ಯಾಯದಲ್ಲಿ ಈ ಕಥೆಯೂ ಸೇರಿತು. ಅದೇ ಅಧ್ಯಾಯದಲ್ಲಿ ಸೊಪ್ಪು ಕೊರಗರು ಎಂಬ ಒಳಪಂಗಡದ ವಿವರವಿದೆ. ಅವರಲ್ಲಿ ಹೆಂಗಸರು ಸೀರೆಯ ಮೇಲೆ ಸೊಪ್ಪಿನ ಹೊದಿಕೆ ಸುತ್ತಿಕೊಳ್ಳುತ್ತಿದ್ದರು. ಸೋತ ಅವಮಾನದ ಗುರುತಾಗಿ ಮೇಲಿನವರು ಅದನ್ನು ಹೇರಿದರೆಂದು ಒಂದು ಕಥೆ ಹೇಳುತ್ತದೆ. ಇತಿಹಾಸಕಾರರು ಹುಭಾಶಿಕನನ್ನು ಶಾಸನಗಳಲ್ಲಿ ಹುಡುಕುತ್ತಾರೆ. ಉಡುಪಿ ಜಿಲ್ಲೆಯ ಕೊರಗ ಯುವಕರು ಅವನ ಹೆಸರಿನಲ್ಲಿ ಕಲಾ ವೇದಿಕೆ ಕಟ್ಟಿಕೊಂಡು ದೋಲು ಬಾರಿಸುತ್ತಾರೆ. ತಲೆತಗ್ಗಿಸಿ ಬಾರಿಸಬೇಕಾಗಿದ್ದ ದೋಲನ್ನು ಅವರು ತಲೆಯೆತ್ತಿ ಬಾರಿಸುವುದನ್ನು ನೋಡಿದರೆ, ಐತಿಹ್ಯವೊಂದು ಬದುಕಿನಲ್ಲಿ ಮಾಡುವ ಕೆಲಸ ಏನೆಂದು ತಿಳಿಯುತ್ತದೆ.

*

ಹುಭಾಶಿಕನ ರಾಜ್ಯ ಹೇಗೇ ಹೋಗಿರಲಿ, ನಮ್ಮ ಕಾಲದಲ್ಲಿ ಕೊರಗರಿಗೆ ನೆಲ ಸಿಗದೇ ಹೋದದ್ದಕ್ಕೆ ಕಾರಣ ಕಾಗದದಲ್ಲೇ ಇದೆ. 1974ರ ಭೂಸುಧಾರಣೆ ಕರಾವಳಿಯ ಬದುಕನ್ನು ಬದಲಿಸಿತು. ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಉಳುವವರು ಹೊಲದೊಡೆಯರಾದರು. ನನ್ನ ಬಂಧುಗಳಲ್ಲಿ ಎಷ್ಟೋ ಮಂದಿ ಆ ಕಾನೂನಿನಿಂದ ಬೆನ್ನು ನೇರ ಮಾಡಿದವರು. ಆದರೆ ಡಿಕ್ಲರೇಶನ್ ಕೊಡಲು ಗೇಣಿಯ ಚೀಟಿ ಬೇಕು, ಒಕ್ಕಲು ಆಗಿರಬೇಕು. ಕೊರಗರನ್ನು ಯಾರೂ ಗೇಣಿಗೆ ಕೂರಿಸಿರಲೇ ಇಲ್ಲ. ಕಾಡಿನ ಅಂಚಿನಲ್ಲಿ ಸೊಪ್ಪಿನ ಕೊಪ್ಪ ಕಟ್ಟಿಕೊಂಡು, ಬಳ್ಳಿ ಹೆಣೆದು, ಕರೆದಲ್ಲಿ ಬಿಟ್ಟಿ ಕೆಲಸ ಮಾಡಿದವರಿಗೆ ಚೀಟಿ ಎಲ್ಲಿಂದ ಬರಬೇಕು? ತುಂಡು ನೆಲಕ್ಕಾಗಿ ಹಂಬಲಿಸಿದ ಚೋಮನನ್ನು ಶಿವರಾಮ ಕಾರಂತರು 1933ರಲ್ಲೇ ಕನ್ನಡಕ್ಕೆ ಕೊಟ್ಟರು. ಭೂಸುಧಾರಣೆಯ ನಂತರ ಎಷ್ಟೋ ಚೋಮರಿಗೆ ನೆಲ ಸಿಕ್ಕಿತು. ಕೊರಗರು ಆ ಸಾಲಿನ ಹೊರಗೇ ಉಳಿದರು.

1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನ ಬೀದಿಗೆ ಇಳಿದರು. ಹಂಪನಕಟ್ಟೆಯ ಸುತ್ತಲಿನ ಇದೇ ರಸ್ತೆಗಳನ್ನು ಪೊರಕೆ ಹಿಡಿದು ಬಲ್ಲವರು ಅಂದು ದೋಲು ಹಿಡಿದು ಮೆರವಣಿಗೆಯಲ್ಲಿ ನಡೆದರು. ನೆಲ ಕೊಡಿ ಎಂಬುದೇ ಬೇಡಿಕೆ. ಆಮೇಲೆ ಸರ್ಕಾರಕ್ಕಾಗಿ ಡಾ. ಮಹಮ್ಮದ್ ಪೀರ್ ಸಮುದಾಯದ ಸ್ಥಿತಿಗತಿ ಅಧ್ಯಯನ ಮಾಡಿ ವರದಿ ಕೊಟ್ಟರು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂಬುದು ಅದರ ಮುಖ್ಯ ಶಿಫಾರಸು. ಕೆಲವು ಕುಟುಂಬಗಳಿಗೆ ಭೂಮಿ ದೊರೆತಿದೆ. ಅಲ್ಲಿ ಮಲ್ಲಿಗೆ ಬೆಳೆದವರಿದ್ದಾರೆ, ಅಡಕೆ ಹಾಕಿದವರಿದ್ದಾರೆ. ಬಹಳ ಮಂದಿ ಇನ್ನೂ ಕಾಯುತ್ತಿದ್ದಾರೆ. ಕರ್ನಾಟಕ, ಕೇರಳಗಳ ಕೊರಗ ಅಭಿವೃದ್ಧಿ ಸಂಘಗಳ ಒಕ್ಕೂಟ ಪ್ರತಿ ಆಗಸ್ಟ್ 18ನ್ನು ಭೂಮಿಹಬ್ಬವಾಗಿ ಆಚರಿಸುತ್ತದೆ.

ಉಡುಪಿ ಜಿಲ್ಲೆಯಲ್ಲಿ ನಡೆದ ಅಂಥದೊಂದು ಹಬ್ಬಕ್ಕೆ ಆಟಿ ಕಳೆದ ಸೋಣದ ಮಳೆಯಲ್ಲಿ ಹೋಗಿದ್ದೆ. ಕೊಡೆಗಳ ಕೆಳಗೆ ಮೆರವಣಿಗೆ. ಮುಂದೆ ದೋಲು, ಹಿಂದೆ ಮಕ್ಕಳು, ಅವರ ಹಿಂದೆ ಕಾಸರಗೋಡಿನಿಂದ ಬಂದವರು, ಕುಂದಾಪುರದಿಂದ ಬಂದವರು. ರಾಜ್ಯದ ಗೆರೆ ಹೋಳು ಮಾಡಿದ ಜನ ಆ ದಿನ ಒಂದೇ ಅಂಗಳದಲ್ಲಿ ಉಂಡರು. ಭಾಷಣ ಮಾಡಿದ ಯುವತಿಯರು ನರ್ಸಿಂಗ್, ಸಮಾಜಕಾರ್ಯ, ಬಿ.ಎಡ್. ಓದಿದವರು. ಇದೇ ಸಮುದಾಯದ ಸಬಿತಾ ಗುಂಡ್ಮಿ ಅವರು ಯುಜಿಸಿ ನೆಟ್ ಪರೀಕ್ಷೆ ಗೆದ್ದು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಾರೆ. ಅವರ ಹೆಸರು ಬಂದಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟಿದರು. ಮಾತಾಡಿದವರು ಅನುಕಂಪ ಕೇಳಲಿಲ್ಲ. ಸರ್ವೆ ನಂಬರು ಹೇಳಿದರು, ಡೀಮ್ಡ್ ಫಾರೆಸ್ಟ್ ತಕರಾರು ಹೇಳಿದರು, ಮಂಜೂರಾಗಿಯೂ ಗಡಿಗುರುತು ಆಗದ ಜಾಗಗಳ ಪಟ್ಟಿ ಓದಿದರು, ರಕ್ತಹೀನತೆಯಿಂದಲೂ ಕ್ಷಯದಿಂದಲೂ ಬೇಗ ಮುಗಿದುಹೋಗುವ ಬದುಕುಗಳ ಬಗ್ಗೆ ಹೇಳಿದರು.

ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತ ಹಿರಿಯರನ್ನು ನೆಲ ಸಿಕ್ಕಿದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ. “ಬೂರು ನೆಡುತ್ತೇನೆ ಅಣ್ಣ” ಎಂದರು. “ನನ್ನ ಜಾಗದಲ್ಲಿ ನನ್ನದೇ ಬಳ್ಳಿ ಇದ್ದರೆ ಯಾರ ಹತ್ತಿರವೂ ಕೇಳಬೇಕಾಗಿಲ್ಲವಲ್ಲ.”

ಹೊಲ ಮಾಡುತ್ತೇನೆ, ಮನೆ ಕಟ್ಟುತ್ತೇನೆ ಎಂಬ ಉತ್ತರ ನಿರೀಕ್ಷಿಸಿದ್ದ ನನಗೆ ಆ ಮಾತು ಹೊಸ ಕಣ್ಣು ಕೊಟ್ಟಿತು. ಬುಟ್ಟಿ, ದೋಲು, ಹಾಡು, ಭಾಷೆ ಇವನ್ನೆಲ್ಲ ನಾವು ಸಂಸ್ಕೃತಿ ಎಂದು ಒಂದು ಕಡೆ ಇಡುತ್ತೇವೆ. ಭೂಮಿಯನ್ನು ಕಂದಾಯ ಇಲಾಖೆಯ ವಿಷಯವೆಂದು ಇನ್ನೊಂದು ಕಡೆ ಇಡುತ್ತೇವೆ. ಆ ಹಿರಿಯರ ಮನಸ್ಸಿನಲ್ಲಿ ಎರಡೂ ಒಂದೇ ಬೇರಿನವು. ಬಳ್ಳಿ ಬೆಳೆಯುವ ಜಾಗ ಕೈತಪ್ಪಿದರೆ ಬುಟ್ಟಿ ಹೋಗುತ್ತದೆ. ಬುಟ್ಟಿ ಹೋದರೆ ಅದನ್ನು ಹೆಣೆಯುವಾಗ ಆಡುತ್ತಿದ್ದ ಮಾತು ಹೋಗುತ್ತದೆ. ಕೊನೆಗೆ ಉಳಿಯುವುದು ವೇದಿಕೆಯ ಮೇಲಿನ ಹತ್ತು ನಿಮಿಷದ ಪ್ರದರ್ಶನ.

*

ಚೆರೊಕೀಗಳ ನಾಡಿನಲ್ಲಿ ನ್ಯೂ ಎಕೋಟಾ ನೋಡಿದ ಮೇಲೆ ನಾವು ಉತ್ತರ ಕೆರೊಲೈನಾದ ಬೆಟ್ಟಗಳ ಕಡೆಗೂ ಹೋಗಿದ್ದೆವು. 1838ರ ಬೇಟೆಯಿಂದ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ಅಡಗಿ ಉಳಿದವರ, ಹೇಗೋ ಅಲ್ಲೇ ಇರಲು ಹಕ್ಕು ಪಡೆದವರ ಮಕ್ಕಳು ಇಂದು ಈಸ್ಟರ್ನ್ ಬ್ಯಾಂಡ್ ಎಂಬ ಹೆಸರಿನಲ್ಲಿ ತಮ್ಮದೇ ಆಡಳಿತ ನಡೆಸುತ್ತಾರೆ. ಅವರ ಪೇಟೆಯಲ್ಲಿ ರಸ್ತೆಯ ಹಲಗೆಗಳ ಮೇಲೆ ಸಿಕೋಯಾನ ಅಕ್ಷರಗಳಿವೆ. ಮಕ್ಕಳಿಗೆ ಚೆರೊಕೀ ಭಾಷೆಯಲ್ಲೇ ಕಲಿಸುವ ಶಾಲೆ ಇದೆ. ಅಲ್ಲಿಯ ಹೆಂಗಸರೂ ಬುಟ್ಟಿ ಹೆಣೆಯುತ್ತಾರೆ. ಹೊಳೆದಂಡೆಯಲ್ಲಿ ಬೆಳೆಯುವ ಬಿದಿರು ಜಾತಿಯ ಹುಲ್ಲನ್ನು ಸೀಳಿ, ಕಾಡಿನ ಬೇರುಗಳಿಂದಲೂ ವಾಲ್‌ನಟ್ ಮರದಿಂದಲೂ ಬಣ್ಣ ಹಾಕಿ, ಒಳಗೊಂದು ಹೊರಗೊಂದು ಹೆಣಿಗೆ ಬರುವ ಹಾಗೆ ಜೋಡಿ ಬುಟ್ಟಿ ಮಾಡುತ್ತಾರೆ. 1946ರಿಂದ ಅವರದೇ ಕುಶಲಕರ್ಮಿಗಳ ಸಹಕಾರಿ ಸಂಘವಿದೆ. ಆ ಹುಲ್ಲು ಅಪರೂಪವಾಗತೊಡಗಿದಾಗ ಅದನ್ನು ಮತ್ತೆ ಬೆಳೆಸುವ ಕೆಲಸಕ್ಕೂ ಅವರೇ ಕೈಹಾಕಿದರು.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತದ್ದು ಕಿಟುವಾ. ಚೆರೊಕೀಗಳು ತಮ್ಮ ತಾಯೂರು ಎಂದು ನಂಬುವ ಜಾಗ, ಟಕಸೀಜಿ ನದಿಯ ಪಕ್ಕದ ಬಯಲು, ಅದರ ನಡುವೆ ಒಂದು ಮಣ್ಣಿನ ದಿಬ್ಬ. ಪೂರ್ವಜರ ಪವಿತ್ರ ಅಗ್ನಿ ಉರಿಯುತ್ತಿದ್ದ ದಿಬ್ಬ ಅದು. ಅದು ಬೇರೆಯವರ ಹೊಲವಾಗಿ, ನೇಗಿಲು ಹಾದು ಹಾದು ತಗ್ಗಿತ್ತು. 1996ರಲ್ಲಿ ಈಸ್ಟರ್ನ್ ಬ್ಯಾಂಡ್ ಆ 309 ಎಕರೆಯನ್ನು ದುಡ್ಡು ಕೊಟ್ಟು ಮರಳಿ ಕೊಂಡಿತು. ತಮ್ಮದೇ ತಾಯೂರಿಗೆ ಕ್ರಯ ಕೊಡಬೇಕಾಯಿತಲ್ಲ ಎಂದು ಸಂಕಟವಾಯಿತು. ಆದರೆ ಅವರ ಹೆಸರಿನಲ್ಲಿ ಪತ್ರ ಆದ ದಿನದಿಂದ ಆ ದಿಬ್ಬದ ಮೇಲೆ ಏನು ನಡೆಯಬೇಕು, ಏನು ನಡೆಯಬಾರದು ಎಂದು ತೀರ್ಮಾನಿಸುವವರು ಅವರೇ.

ಎರಡು ಜನಾಂಗಗಳ ಕಥೆ ಒಂದೇ ಎಂದು ನಾನು ಹೇಳುವುದಿಲ್ಲ. ಚೆರೊಕೀಗಳಿಗೆ ರಾಜಧಾನಿಯಿತ್ತು, ಸಂವಿಧಾನವಿತ್ತು, ಪತ್ರಿಕೆಯಿತ್ತು. ಅವರನ್ನು ಕೋವಿ ಹಿಡಿದು ದೂರಕ್ಕೆ ಅಟ್ಟಿದರು. ಕೊರಗರನ್ನು ಹಾಗೆ ದೂರಕ್ಕೆ ಅಟ್ಟಲಿಲ್ಲ. ಇದ್ದಲ್ಲೇ ಇಟ್ಟುಕೊಂಡು, ದುಡಿಸಿಕೊಂಡು, ನೆಲವನ್ನು ಮಾತ್ರ ಕಾಲಡಿಯಿಂದ ಸರಿಸಿದರು. ಕಣ್ಣೀರಿನ ಹಾದಿಗೆ ನಕ್ಷೆಯಿದೆ, ಮೈಲಿಗಲ್ಲುಗಳಿವೆ. ಕೊರಗರ ಹಾದಿ ನಮ್ಮ ಮನೆಯ ಹಿತ್ತಿಲಿನಿಂದ ಗುಡ್ಡೆಯ ಆಚೆಯ ಕಾಲನಿಯವರೆಗೆ ಇದೆ. ಅಷ್ಟು ಹತ್ತಿರವಿದ್ದದ್ದಕ್ಕೇ ಅದಕ್ಕೆ ಮೈಲಿಗಲ್ಲು ನೆಡಬೇಕೆಂದು ನಮಗೆ ತೋಚಲಿಲ್ಲ.

ಆದರೆ ಪರಿಹಾರದ ದಾರಿಯಲ್ಲಿ ನಮ್ಮದು ಅಮೆರಿಕದವರಿಗಿಂತ ಸುಲಭದ ಕೆಲಸ. ಕೊರಗರು ತುಳುನಾಡನ್ನು ಮರಳಿ ಕೇಳುತ್ತಿಲ್ಲ. ಸರ್ಕಾರದ ವರದಿಯೇ ಹೇಳಿದ ಎರಡೂವರೆ ಎಕರೆ ಕೇಳುತ್ತಿದ್ದಾರೆ. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಅವರು ಹದಿನೈದು ಸಾವಿರವೂ ಇಲ್ಲ. ದೊಡ್ಡ ದೊಡ್ಡ ಯೋಜನೆಗಳಿಗೆ ಸಾವಿರಾರು ಎಕರೆ ಹೊಂದಿಸಿದ ಕರಾವಳಿಗೆ ಇಷ್ಟು ಮಂದಿಯ ಕುಟುಂಬಗಳಿಗೆ ನೆಲ ಹುಡುಕುವುದು ಆಗದ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಿದೆ. ಇಂಥ ಬುಡಕಟ್ಟುಗಳಿಗೆಂದೇ ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ಜನಮನ್ ಯೋಜನೆಯಿಂದ ಮನೆಗಳೂ ರಸ್ತೆಗಳೂ ಬರುತ್ತಿವೆ. ಮನೆಯ ಕೆಳಗಿನ ಮಣ್ಣು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗೆ ಗ್ರಾಮಮಟ್ಟದಲ್ಲೇ ಉತ್ತರ ಸಿಗಬೇಕು, ಆದರೆ ಆ ಪ್ರಶ್ನೆಯನ್ನು ಕೊರಗರಷ್ಟೇ ಕೇಳುತ್ತಿರುವುದರಿಂದಲೇ ಉತ್ತರ ತಡವಾಗುತ್ತಿದೆ.

ಭಕ್ತಿ ಇಲ್ಲದ ಊರಾಗಿದ್ದರೆ ಈ ಮಾತನ್ನು ಯಾರಿಗೆ ಹೇಳಬೇಕೆಂದು ತಿಳಿಯುತ್ತಿರಲಿಲ್ಲ. ನಮ್ಮದು ಅಜ್ಜನನ್ನು ನಂಬಿದ ಊರು. ಆ ನಂಬಿಕೆಯನ್ನು ನಾನು ಕುತ್ತಾರಿನ ಸಾಲಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹೊರಗೆ ನಿಲ್ಲಿಸಲ್ಪಟ್ಟ ಒಬ್ಬ ಹುಡುಗನನ್ನು ದೈವವೆಂದು ಒಪ್ಪಿಕೊಂಡ ನಾಡು ತನ್ನ ತಪ್ಪನ್ನು ಒಮ್ಮೆ ಒಪ್ಪಿಕೊಂಡ ನಾಡೇ. ಆ ಒಪ್ಪಿಗೆಯನ್ನು ಪೂರ್ತಿ ಮಾಡುವ ಕೆಲಸ ಉಳಿದಿದೆ. ಅಜ್ಜನಿಗೆ ಹರಕೆ ಹೊರುವ ಪ್ರತಿಯೊಬ್ಬರೂ ಚಕ್ಕುಲಿ, ವೀಳ್ಯದ ಜೊತೆ ಇನ್ನೊಂದನ್ನೂ ಸೇರಿಸಿಕೊಳ್ಳಲಿ: ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಊರಿನ ಕೊರಗ ಕಾಲನಿಗೆ ಪಟ್ಟೆ ಆಗಿದೆಯೇ, ಗಡಿಗುರುತು ಆಗಿದೆಯೇ, ಬಳ್ಳಿ ನೆಡಲು ಜಾಗ ಬಿಟ್ಟಿದ್ದೀರಾ ಎಂದು ಕೇಳುವುದು. ಕಳೆದುಹೋದದ್ದನ್ನು ಹುಡುಕಿಕೊಡುವ ಅಜ್ಜನ ಮೊಮ್ಮಕ್ಕಳು ಕಳೆದುಕೊಂಡ ನೆಲವನ್ನು ಹುಡುಕಿಕೊಡುವ ಸರದಿ ಈಗ ನಮ್ಮದು.